ತನ್ನಷ್ಟಕ್ಕೆ ತಾನೇ ತಯಾರಾಗುವ ಸದಸ್ಯರ ಪಟ್ಟಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ತಮಾಷೆ ಹೇಳಲು ಬರುವುದಿಲ್ಲ. ನಗುವ ಜಾಗ ಬರುವ ಮೊದಲೇ ಅದನ್ನು ವಿವರಿಸಿ ಕೆಡಿಸಿಬಿಡುತ್ತೇನೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೂ ಬರೆಯಲು ಕೂತಿದ್ದೇನೆ. ಏಕೆಂದರೆ ನಮ್ಮ ಕಚೇರಿಯಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಆಗುವ ಹೊತ್ತಿಗೆ ಮಾತ್ರ ಯಾರೂ ನಗುವುದಿಲ್ಲ.

ಕಚೇರಿ ಎಂದರೆ ಏನು ಎಂದು ಮೊದಲು ಹೇಳಬೇಕು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಬೆಳಗಾವಿ ಮತ್ತು ಖಾನಾಪುರದ ಕಡೆ ಇಂಟರ್‌ನೆಟ್ ಒದಗಿಸುವ ಸಣ್ಣ ಸಣ್ಣವರು ಹನ್ನೊಂದು ಮಂದಿ ಇದ್ದರು. ಬೆಳಗಾವಿಯ ಅನಗೋಳ ಬಡಾವಣೆಯಲ್ಲಿ ಒಬ್ಬರ ಗಿರಾಕಿ ಎರಡು ಓಣಿ ಆಚೆ ಇನ್ನೊಬ್ಬರ ಗಿರಾಕಿಗೆ ಇಮೇಲ್ ಕಳಿಸಿದರೆ ಅದು ಮುಂಬೈಗೆ ಹೋಗಿ, ಕೆಲವು ಸಲ ಸಮುದ್ರವನ್ನೂ ದಾಟಿ, ಮತ್ತೆ ಅನಗೋಳಕ್ಕೆ ಬರುತ್ತಿತ್ತು. ಇದು ಸರಿಯಲ್ಲ ಎಂದು ಹನ್ನೊಂದೂ ಮಂದಿ ಸಂಘ ಕಟ್ಟಿ, ತಮ್ಮ ತಮ್ಮ ತಂತಿಗಳನ್ನು ಅನಗೋಳದ ಒಂದು ಮಾಳಿಗೆಯ ಕೋಣೆಗೆ ತಂದು ಒಂದೇ ಪೆಟ್ಟಿಗೆಗೆ ಸಿಕ್ಕಿಸಿದರು. ತಿಳಿದವರು ಇದಕ್ಕೆ ಇಂಟರ್‌ನೆಟ್ ಎಕ್ಸ್‌ಚೇಂಜ್ ಎನ್ನುತ್ತಾರೆ. ನಾವು ಕೂಡುಕೋಣೆ ಎನ್ನುತ್ತಿದ್ದೆವು. ಬಸ್ ಸ್ಟ್ಯಾಂಡ್ ಇದ್ದ ಹಾಗೆ ಎಂದು ತಿಳಿಯಿರಿ. ಬಸ್ಸುಗಳು ಬೇರೆ ಬೇರೆ ಮಾಲೀಕರವು, ಸ್ಟ್ಯಾಂಡ್ ಮಾತ್ರ ಒಂದೇ.

ಆ ಕೋಣೆಗೆ ನಾನೊಬ್ಬನೇ ನೌಕರ, ಅದೂ ಹಂಗಾಮಿ. ಯಾರ ಯಾರ ತಂತಿ ಇಲ್ಲಿ ಕೂಡುತ್ತದೆ ಎಂದು ಹೊರಗಿನವರಿಗೆ ತಿಳಿಸಲು ಇಂಟರ್‌ನೆಟ್ಟಿನಲ್ಲಿ ಒಂದು ಸದಸ್ಯರ ಪಟ್ಟಿ ಇತ್ತು. ಅದನ್ನು ನಾನು ಕೈಯಿಂದ ಟೈಪ್ ಮಾಡುತ್ತಿದ್ದೆ. ಕೈಯಿಂದಲೇ ತಪ್ಪನ್ನೂ ಮಾಡುತ್ತಿದ್ದೆ. ಒಂದು ಸಭೆಯಲ್ಲಿ ಕಾರ್ಯದರ್ಶಿಗಳು, ಅಂದರೆ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರು, ನನ್ನನ್ನು ಕರೆದು ಹೇಳಿದರು:

"ತಮ್ಮಾ, ಪಟ್ಟಿ ತನ್ನಷ್ಟಕ್ಕ ತಾನೇ ತಯಾರಾಗೂ ಹಂಗ ಮಾಡು. ಈ ಸಭಾದಿಂದ ಮುಂದಿನ ಸಭಾದ ತನಕ, ಒಂದು ತಿಂಗಳು, ಪಟ್ಟಿಗೆ ನಿನ್ನ ಕೈ ಹತ್ತಬಾರದು. ಹತ್ತಲಿಲ್ಲಂದ್ರ ನೀ ಕಾಯಂ. ಹತ್ತಿತಂದ್ರ ಬ್ಯಾರೇದವರನ್ನ ನೋಡತೇವಿ."

ಇದನ್ನು ಮನೆಯಲ್ಲಿ ಹೇಳಿದೆ. ಅವ್ವ 'ನೀ ಕಾಯಂ' ಎಂಬಲ್ಲಿಯವರೆಗೆ ಕೇಳಿ ಎದ್ದು ಹೋದಳು. ದೀಪ ಹಚ್ಚುವ ಹೊತ್ತಿಗೆ ಓಣಿಗೆಲ್ಲ ನಾನು ಕಾಯಂ ಆಗಿದ್ದೆ. ಎದುರುಮನೆಯವರು ಪೇಡೆ ಕೇಳಿದರು, ಅವ್ವ ಕೊಟ್ಟೂ ಬಿಟ್ಟಳು. ಪೇಡೆ ಹಂಚಿದ ಮೇಲೆ ಕೆಲಸ ಹೋಗುವಂತಿಲ್ಲ.

ಮೇಲೆ ಯಾರು, ಕೆಳಗೆ ಯಾರು

ನಾನು ಮಾಡಿದ ವ್ಯವಸ್ಥೆ ಸರಳ. ಸದಸ್ಯರು ಕಂಪ್ಯೂಟರಿನಲ್ಲಿ ತಮ್ಮ ವಿವರದ ಫಾರ್ಮ್ ತಾವೇ ತುಂಬಬೇಕು. ನಾನು ಬರೆದ ಪ್ರೋಗ್ರಾಂ ಅದನ್ನು ಓದಿ ಪಟ್ಟಿ ಮಾಡುತ್ತದೆ. ಮೊದಲು ಅಕ್ಷರಗಳ ಕ್ರಮದಲ್ಲಿ ಮಾಡಿದೆ. ನಮ್ಮ ಅಧ್ಯಕ್ಷರ ಕಂಪನಿಯ ಹೆಸರು 'ಹ'ದಿಂದ ಶುರು. ಅವರು ಬಂದು ಪರದೆಯ ಮುಂದೆ ನಿಂತು, ಗುಂಡಿ ಒತ್ತುತ್ತ ಕೆಳಗೆ ಕೆಳಗೆ ಇಳಿದು, ತಳದಲ್ಲಿ ತಮ್ಮ ಹೆಸರು ಕಂಡು, "ಬಾಂವ್ಯಾಗ ಬಿದ್ದ ಕೊಡಾನೂ ಇಷ್ಟು ಕೆಳಗ ಹೋಗೂದಿಲ್ಲ" ಎಂದಷ್ಟೇ ಹೇಳಿ ಹೋದರು.

ಹಾಗಾಗಿ ಸಂಘ ಸೇರಿದ ದಿನದ ಕ್ರಮ ಹಾಕಿದೆ. ಅಧ್ಯಕ್ಷರು ಮೇಲೆ ಬಂದರು. ಆದರೆ ಒಂದೇ ಓಣಿಯಲ್ಲಿ ಎದುರುಬದುರು ಅಂಗಡಿ ಇಟ್ಟ ಇಬ್ಬರು ಸದಸ್ಯರು ಒಂದೇ ದಿನ, ಒಂದೇ ಮುಹೂರ್ತದಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ತಂತಿ ಸಿಕ್ಕಿಸಿದ್ದರು. ಇಬ್ಬರಲ್ಲಿ ಯಾರು ಮೇಲೆ? ಕಾರ್ಯದರ್ಶಿಗಳು ತೀರ್ಪು ಕೊಟ್ಟರು: ಬೆಸ ತಾರೀಖಿಗೆ ಎಡಗಡೆ ಅಂಗಡಿಯವರು, ಸಮ ತಾರೀಖಿಗೆ ಬಲಗಡೆಯವರು. ಪ್ರೋಗ್ರಾಂಗೆ ಹೇಳಿಕೊಟ್ಟೆ. ಇಬ್ಬರೂ ದಿನಾ ಮುಂಜಾನೆ ಪಟ್ಟಿ ನೋಡಿಯೇ ಅಂಗಡಿ ತೆರೆಯುತ್ತಿದ್ದರು.

ಮುಂದಿನ ತಿಂಗಳ ಒಂದನೆಯ ತಾರೀಖು ಬಲಗಡೆಯವರು ಮೆಟ್ಟಿಲು ಏರಿ ಬಂದರು.

"ನಿನ್ನೇನೂ ಅವರೇ ಮ್ಯಾಲ, ಇವತ್ತೂ ಅವರೇ ಮ್ಯಾಲ. ಏನ್ರೀ ಇದು?"

ನಾನು ವಿವರಿಸಿದೆ. ನಿನ್ನೆ ಮೂವತ್ತೊಂದು, ಅದು ಬೆಸ. ಇವತ್ತು ಒಂದು, ಅದೂ ಬೆಸ. ಎರಡು ಬೆಸ ಬೆನ್ನಿಗೆ ಬೆನ್ನು ಹತ್ತಿ ಬಂದಿವೆ. ಅಲ್ಲೇ ಇದ್ದ ಕಾರ್ಯದರ್ಶಿಗಳೂ ವಿವರಿಸಿದರು, ಜೊತೆಗೆ ನನಗೆ ಒಂದು ನಿಯಮವನ್ನೂ ಹೇಳಿದರು: "ಪ್ರೋಗ್ರಾಂಗೆ ಕೈ ಹಚ್ಚಬಹುದು. ಪಟ್ಟಿಗೆ ಹಚ್ಚಬಾರದು." ಬಲಗಡೆಯವರಿಗೆ ಸಮಾಧಾನವಾಗಲಿಲ್ಲ.

"ಇದರಾಗ ನನ್ನ ತಪ್ಪಿಲ್ಲರೀ," ಎಂದೆ ನಾನು. "ಕ್ಯಾಲೆಂಡರಿನ ತಪ್ಪು."

ಅವರು ಕಿಸೆಯಿಂದ ಪೆನ್ನು ತೆಗೆದರು. "ಹಂಗಾರ ಕ್ಯಾಲೆಂಡರ್ ಮಾಡಿದವರ ಫೋನ್ ನಂಬರ್ ಕೊಡ್ರಿ."

ಗಿರಣಿಯವರನ್ನ ಕೇಳ್ರಿ

ಫಾರ್ಮಿನಲ್ಲಿ 'ತೊಂದರೆಯಾದಾಗ ಯಾರನ್ನು ವಿಚಾರಿಸಬೇಕು' ಎಂಬ ಸಾಲು ಇತ್ತು. ಎಂಜಿನಿಯರ್ ಹೆಸರು ಬರೆಯುವ ಜಾಗ ಅದು. ಖಾನಾಪುರದ ಕಡೆಯ ಬೀಡಿ ಎಂಬ ಊರಿನ ಸದಸ್ಯರಿಗೆ ಇಂಟರ್‌ನೆಟ್ ಅಂಗಡಿಯ ಜೊತೆಗೆ ಹೊಲವೂ ಇತ್ತು. ಅವರು ಬರೆದರು: 'ನಾ ಹೊಲಕ್ಕ ಹೋಗಿದ್ರ ಬಾಜೂ ಹಿಟ್ಟಿನ ಗಿರಣಿಯವರನ್ನ ಕೇಳ್ರಿ.' ಕೆಳಗೆ ಗಿರಣಿಯ ಫೋನ್ ನಂಬರ್. ಪ್ರೋಗ್ರಾಂ ಅದನ್ನು ಹಾಗೆಯೇ ಜಗತ್ತಿಗೆಲ್ಲ ಪ್ರಕಟಿಸಿತು. ನಾನು ಕೈ ಹಚ್ಚುವಂತಿರಲಿಲ್ಲ, ಆದ್ದರಿಂದ ನೋಡುತ್ತ ಕೂತೆ.

ಪುಣೆಯ ಒಂದು ದೊಡ್ಡ ಕಂಪನಿಯ ಎಂಜಿನಿಯರ್ ನಮ್ಮ ಪಟ್ಟಿ ಖರೇ ಇದೆಯೋ ಎಂದು ಪರೀಕ್ಷಿಸಲು ಹನ್ನೊಂದೂ ನಂಬರಿಗೆ ಫೋನ್ ಮಾಡಿದರು. ಗಿರಣಿಯವರ ಜೊತೆ ಮರಾಠಿಯಲ್ಲಿ ಮಾತಾಯಿತು. ಗಿರಣಿಯವರು ಆಮೇಲೆ ನನಗೆ ಕನ್ನಡದಲ್ಲಿ ಹೇಳಿದ್ದನ್ನು ಬರೆಯುತ್ತಿದ್ದೇನೆ.

"ನಿಮ್ಮ ಕಡೆ ಲೈನ್ ಐತೇನ್ರಿ?" ಎಂದರಂತೆ ಎಂಜಿನಿಯರ್.

"ತಡೀರಿ, ಈ ಜ್ವಾಳ ಮುಗಸಿ ನೋಡತೇನಿ." ಫೋನ್ ಕೆಳಗಿಟ್ಟು, ಜೋಳ ಬೀಸಿ, ಬಾಜೂ ಅಂಗಡಿಗೆ ಹೋಗಿ ಬಂದು ಹೇಳಿದರಂತೆ: "ಮೂರು ದೀಪ ಹತ್ಯಾವು. ನಾಕನೇದು ಮಿಣಮಿಣ ಅನ್ನಾಕತ್ತೈತಿ. ಅದು ಮಿಣಮಿಣ ಅಂದ್ರ ಚಲೋ. ಸುಮ್ಮ ಹತ್ತಿ ನಿಂತ್ರ ಕೆಟ್ಟ."

ಇದು ಅಕ್ಷರಶಃ ಸರಿಯಾದ ಉತ್ತರ. ಎಂಜಿನಿಯರ್ ನಮಗೆ ಇಮೇಲ್ ಬರೆದರು: ನಿಮ್ಮ ಹನ್ನೊಂದು ತಜ್ಞರಲ್ಲಿ ಹತ್ತು ಮಂದಿ ಫೋನ್ ಎತ್ತಲಿಲ್ಲ, ಎತ್ತಿದ ಒಬ್ಬರಿಗೆ ವಿಷಯ ಚೆನ್ನಾಗಿ ಗೊತ್ತಿದೆ. ಆ ವಾರವೇ ಇನ್ನೂ ಇಬ್ಬರು ಸದಸ್ಯರು ತಮ್ಮ ಫಾರ್ಮಿನಲ್ಲಿ ಗಿರಣಿಯ ನಂಬರ್ ತುಂಬಿದರು.

ನಾನು ಬೀಡಿಗೆ ಹೋಗಿ ಗಿರಣಿಯವರಿಗೆ ಕೈಮುಗಿದೆ. ಅವರು ಬೇಸರ ಮಾಡಿಕೊಂಡಿರಲಿಲ್ಲ. ಒಂದೇ ಕೋರಿಕೆ ಇತ್ತು.

"ಕರೆಂಟ್ ಇದ್ದಾಗ ಗಿರಣಿ ಸಪ್ಪಳದಾಗ ಏನೂ ನೆಟ್ಟಗ ಕೇಳಸೂದಿಲ್ಲ. ಕರೆಂಟ್ ಹೋದಾಗ ಫೋನ್ ಮಾಡಾಕ ಹೇಳ್ರಿ. ಆಗ ಉತ್ತರಾನೂ ಸರಳ ಇರತೈತಿ."

ಕರೆಂಟ್ ಇಲ್ಲದಿದ್ದರೆ ಇಂಟರ್‌ನೆಟ್ ಕೂಡ ಇರುವುದಿಲ್ಲ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು.

ಒಂದರಿಂದ ನಾಲ್ಕು

ಪ್ರೋಗ್ರಾಂ ಐದೈದು ನಿಮಿಷಕ್ಕೆ ಪ್ರತಿ ಸದಸ್ಯರ ತಂತಿಯನ್ನು ತಟ್ಟಿ ನೋಡಿ, ಹೆಸರಿನ ಮುಂದೆ 'ಇದ್ದಾರೆ' ಅಥವಾ 'ಇಲ್ಲ' ಎಂದು ಬರೆಯುತ್ತಿತ್ತು. ಖಾನಾಪುರದ ಸದಸ್ಯರು ದಿನಾ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ 'ಇಲ್ಲ' ಆಗುತ್ತಿದ್ದರು. ಏನೋ ಕೆಟ್ಟಿದೆ ಎಂದು ಉಪಕರಣಗಳ ಚೀಲ ಹೊತ್ತು ಬಸ್ ಹತ್ತಿದೆ. ಒಂದೂವರೆಗೆ ಮುಟ್ಟಿದೆ. ಶಟರ್ ಇಳಿದಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ನಾಲ್ಕಕ್ಕೆ ಶಟರ್ ಎದ್ದಿತು, ಹಿಂದೆ ಅವರೂ ಎದ್ದು ಬಂದಿದ್ದರು.

"ಮಧ್ಯಾಹ್ನ ಯಾಕ ಬಂದ್ ಆಗತೈತ್ರಿ?"

"ಮಲಗತೇನಲ್ರೀ."

"ನೀವು ಮಲಗ್ರಿ. ಮಷೀನು?"

"ಅದನ್ನೂ ಆರಸತೇನಿ. ನಾ ಮಲಗಿದಾಗ ಅದು ಏನು ಮಾಡತೈತಂತ ಯಾರು ನೋಡೂರು?"

ಅಸಲಿ ತೊಂದರೆ ಬೇರೆಯೇ ಇತ್ತು. ಬೆಳಗಾವಿಯಲ್ಲಿರುವ ಅವರ ಮಾವನವರು ದಿನಾ ನಮ್ಮ ಪಟ್ಟಿ ನೋಡುತ್ತಿದ್ದರಂತೆ. "ಮೊದಲ ಅವರಿಗೆ, ಅಳಿಯ ಮಲಗತಾನ ಅಂತ ಬರೇ ಸಂಶಯ ಇತ್ತು. ನೀವು ದಿನಾ ಸಾಕ್ಷಿ ಕೊಡಾಕತ್ತೀರಿ." ಹಾಗಾಗಿ ಅವರ ಬೇಡಿಕೆಯಂತೆ 'ಊಟಕ್ಕೆ ಹೋಗಿದ್ದಾರೆ' ಎಂಬ ಮೂರನೆಯ ಸ್ಥಿತಿಯನ್ನು ಪ್ರೋಗ್ರಾಂಗೆ ಸೇರಿಸಿದೆ. ವಾರದೊಳಗೆ ಇನ್ನೂ ಆರು ಮಂದಿ ಅದನ್ನೇ ಆರಿಸಿಕೊಂಡರು.

ಮಾವನವರ ಫೋನ್ ಬಂತು. "ಒಂದಕ್ಕ ಕುಂತವರು ನಾಕರ ತನಕ ಉಣ್ಣತಾರಂದ್ರ, ನನ್ನ ಮಗಳು ಏನೇನು ಮಾಡಿ ಬಡಸತಾಳ ಅನ್ನೂದನ್ನೂ ಪಟ್ಟಿಯಾಗ ಹಾಕ್ರಿ."

ಒಟ್ಟು ಸದಸ್ಯರು: ಒಂದು

ತಿಂಗಳು ಮುಗಿಯುತ್ತ ಬಂತು. ಪಟ್ಟಿಗೆ ನನ್ನ ಕೈ ಹತ್ತಿರಲಿಲ್ಲ. ಆದರೆ ಪ್ರೋಗ್ರಾಂನಲ್ಲಿ ನಾನು ಹೆಮ್ಮೆಯಿಂದ ಬರೆದಿದ್ದ ಒಂದು ಭಾಗವಿತ್ತು, ಅದನ್ನು ಈಗ ಹೇಳಬೇಕು. ಪಟ್ಟಿ ಹಳಸಬಾರದು ಎಂದು ಅದು ಎಲ್ಲ ಸದಸ್ಯರಿಗೂ ಒಂದು ಇಮೇಲ್ ಕಳಿಸುತ್ತಿತ್ತು: 'ನಿಮ್ಮ ವಿವರ ಸರಿ ಇದೆಯೇ? ಹೌದಾದರೆ ಹೌದು ಎಂದು ಒತ್ತಿ.' ಹದಿನೈದು ದಿನದಲ್ಲಿ ಒತ್ತದಿದ್ದರೆ ಹೆಸರು ತಾನಾಗಿಯೇ ಹೋಗುತ್ತದೆ.

ಒಬ್ಬರೂ ಒತ್ತಿರಲಿಲ್ಲ. ಯಾಕೆ ಎಂದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಏನಾದರೂ ಕೇಳಬೇಕಾದರೆ ಮನುಷ್ಯ ಬರಬೇಕು, ಕೂಡಬೇಕು, ಚಹಾ ಕುಡಿಯಬೇಕು, ಆಮೇಲೆ ಕೇಳಬೇಕು. ಬರೇ ಇಮೇಲ್ ಬಂದಿತ್ತು. ಮನುಷ್ಯ ಹಿಂದೆ ಬರುತ್ತಾನೆ ಎಂದು ಹನ್ನೊಂದೂ ಮಂದಿ ಕಾಯುತ್ತಿದ್ದರು.

ಸಭೆ ಸಂಜೆ ನಾಲ್ಕಕ್ಕೆ. ಹದಿನೈದು ದಿನ ಮುಗಿದದ್ದು ಮೂರೂವರೆಗೆ. ಹುಬ್ಬಳ್ಳಿಯ ಒಂದು ದೊಡ್ಡ ಕಂಪನಿಯವರು ಹೊಸದಾಗಿ ಸೇರುವವರಿದ್ದರು. ಹಿಂದಿನ ಸಭೆಯಲ್ಲೇ ಅವರಿಗೆ ಒಪ್ಪಿಗೆ ಆಗಿತ್ತು. ಅವರ ಸಾಹೇಬರು ಆ ದಿನ ಮುಂಜಾನೆಯೇ ಬಂದು, ಶಿಸ್ತಾಗಿ ಫಾರ್ಮ್ ತುಂಬಿ, ಅತಿಥಿಗಳ ಕುರ್ಚಿಯಲ್ಲಿ ಕೂತು ಕುಂದಾ ತಿನ್ನುತ್ತಿದ್ದರು.

ಕಾರ್ಯದರ್ಶಿಗಳು, "ಪಟ್ಟಿ ತೋರಸು," ಎಂದರು. ತೋರಿಸಿದೆ. ಹುಬ್ಬಳ್ಳಿ ಕಂಪನಿಯ ಹೆಸರು. ಅದರ ಕೆಳಗೆ, ಒಟ್ಟು ಸದಸ್ಯರು: ಒಂದು.

ಅಧ್ಯಕ್ಷರು ಕೂತಲ್ಲಿಂದಲೇ ಬಾಗಿ ಪರದೆಯ ತಳದವರೆಗೆ ನೋಡಿದರು.

"ನಾವೆಲ್ಲ ಎಲ್ಲಿ ಹೋದ್ವಿ?" ಎಂದರು ಅಧ್ಯಕ್ಷರು.

"ನಿಮ್ಮ ಉತ್ತರ ಬರಲಿಲ್ಲರೀ, ಅದಕ್ಕ ತಗದು ಹಾಕೈತಿ."

"ಇಲ್ಲೇ ಕುಂತೇವಲ್ಲೋ!"

"ಅದಕ್ಕ ಕಾಣಸೂದಿಲ್ಲರೀ."

ಎಡಗಡೆ ಅಂಗಡಿಯವರು, "ಕೈಲೇ ಹಾಕಿಬಿಡು ತಮ್ಮಾ, ಎರಡು ನಿಮಿಷದ ಕೆಲಸ," ಎಂದರು. ನನ್ನ ಕೈ ಕೀಲಿಮಣೆಯ ಮೇಲೆಯೇ ಇತ್ತು. ಒತ್ತಿದರೆ ಪಟ್ಟಿ ಸರಿಯಾಗುತ್ತದೆ, ಕೆಲಸ ಹೋಗುತ್ತದೆ, ಅವ್ವ ಹಂಚಿದ ಪೇಡೆ ಸುಳ್ಳಾಗುತ್ತದೆ. ಒತ್ತದಿದ್ದರೆ ಹನ್ನೊಂದು ಹಿರಿಯರು ನನ್ನನ್ನೇ ನೋಡುತ್ತಿದ್ದಾರೆ. ನಾನು ಕಾರ್ಯದರ್ಶಿಗಳ ಮುಖ ನೋಡಿದೆ. ಅವರು ಸಂಘದ ನಿಯಮಾವಳಿಯ ಪುಸ್ತಕ ತೆರೆದಿದ್ದರು.

"ಪಟ್ಟಿಯಾಗ ಹೆಸರಿದ್ದವರಷ್ಟ ಸದಸ್ಯರು, ಅಂತ ಐತಿ. ಹಂಗಾಗಿ ಈಗ ಹೇಳಿದವರು ಸದಸ್ಯರಲ್ಲ. ನೀ ಅವರ ಮಾತು ಕೇಳೂದು ಬ್ಯಾಡ."

ನಾನು ಕೈ ತೆಗೆದೆ. ಎಲ್ಲರೂ ಹುಬ್ಬಳ್ಳಿ ಸಾಹೇಬರ ಕಡೆ ತಿರುಗಿದರು. ಅವರ ಚಮಚ ಬಾಯಿಯ ಹತ್ತಿರ ನಿಂತಿತು.

"ಅಂದ್ರ, ಸಂಘ ಅಂದ್ರ ಈಗ ನಾನೊಬ್ಬನೇನು?"

"ಹೌದರೀ. ಸಭಾಕ್ಕ ಮೂರರಾಗ ಎರಡು ಪಾಲು ಸದಸ್ಯರು ಬೇಕು. ನೀವು ಪೂರ್ತಿ ಬಂದೀರಿ," ಎಂದರು ಕಾರ್ಯದರ್ಶಿಗಳು.

ಸಾಹೇಬರು ಚಮಚ ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದರು. ಅಧ್ಯಕ್ಷರೂ ಎದ್ದು, "ಬರ್ರಿ, ಕುಂದರ್ರಿ," ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಬೇರೆ ದಾರಿ ಇರಲಿಲ್ಲ. ಸಾಹೇಬರು ಕೂತು ಮೊದಲನೆಯ ಠರಾವು ಮಾಡಿದರು: ಹೊಸದಾಗಿ ಸೇರಲು ಇಷ್ಟವಿದ್ದವರು ಒಬ್ಬೊಬ್ಬರಾಗಿ ಬಂದು ಫಾರ್ಮ್ ತುಂಬತಕ್ಕದ್ದು.

ಸಂಘ ಕಟ್ಟಿದ ಹನ್ನೊಂದು ಮಂದಿ ಒಂದೇ ಕಂಪ್ಯೂಟರಿನ ಮುಂದೆ ಸಾಲಾಗಿ ನಿಂತು ಪಾಳಿ ಹಚ್ಚಿದರು. ಸಾಹೇಬರು ಒಂದೊಂದೇ ಓದಿ, ಖಾಲಿ ಬಿಟ್ಟವರನ್ನು ಮರಳಿ ಪಾಳಿಯ ಕೊನೆಗೆ ಕಳಿಸಿದರು. ನಮ್ಮ ಅಧ್ಯಕ್ಷರು ಹುದ್ದೆಯ ಜಾಗದಲ್ಲಿ 'ಅಧ್ಯಕ್ಷ' ಎಂದು ಬರೆದಿದ್ದರು.

"ಅದು ಸದ್ಯ ನಾ ಅದೀನ್ರಿ," ಎಂದರು ಸಾಹೇಬರು. "ಬ್ಯಾರೇ ಏನರ ಬರೀರಿ."

ಆರು ಗಂಟೆಗೆ ಎಲ್ಲರೂ ಸದಸ್ಯರಾದರು, ಅಧ್ಯಕ್ಷರು ಅಧ್ಯಕ್ಷರಾದರು. ಉಳಿದ ವಿಷಯ ನಾನು.

"ಪಟ್ಟಿಗೆ ಕೈ ಹಚ್ಚಿಲ್ಲ," ಎಂದರು ಕಾರ್ಯದರ್ಶಿಗಳು. "ಹನ್ನೊಂದು ಮಂದಿ ಮುಳಗೂದು ನೋಡಿದ್ರೂ ಹಚ್ಚಿಲ್ಲ. ಕರಾರು ಪೂರ್ತಿ ಆಗೈತಿ."

"ಇಂಥಾವನ್ನ ಕಾಯಂ ಮಾಡೂದೇನ್ರಿ?" ಅಧ್ಯಕ್ಷರ ಸಿಟ್ಟು ಇಳಿದಿರಲಿಲ್ಲ. "ಅರ್ಧಾ ತಾಸಿನಾಗ ಸಂಘಾನ ಇಲ್ಲದಂಗ ಮಾಡಿದ!"

ಆಗ ಹುಬ್ಬಳ್ಳಿ ಸಾಹೇಬರು ಕೈ ಎತ್ತಿದರು. "ಕಾಯಂ ಮಾಡಿಬಿಡ್ರಿ. ಇಲ್ಲಂದ್ರ ನಾಳೆ ಕೆಲಸ ಕೇಳಾಕ ಹುಬ್ಬಳ್ಳಿಗೆ ಬರತಾನ."

ಠರಾವು ಒಮ್ಮತದಿಂದ ಪಾಸಾಯಿತು. ಒಂದು ತಿದ್ದುಪಡಿ ಮಾತ್ರ ಆಯಿತು: ಹದಿನೈದು ದಿನ ಮುಗಿಯುವ ಮೊದಲು ನಾನು ಪ್ರತಿ ಸದಸ್ಯರ ಹತ್ತಿರ ಖುದ್ದು ಹೋಗಬೇಕು, ಚಹಾ ಕುಡಿಯಬೇಕು, ಅವರು ನನ್ನ ಎದುರಿಗೆ ತಮ್ಮ ಕೈಯಿಂದ ಹೌದು ಎಂದು ಒತ್ತಬೇಕು. ಹೀಗೆ ನಮ್ಮ ಪಟ್ಟಿ ಇಂದಿಗೂ ಪೂರ್ತಿ ಸ್ವಯಂಚಾಲಿತವಾಗಿಯೇ ನಡೆಯುತ್ತಿದೆ. ಸ್ವಯಂಚಾಲಿತ ಎಂದು ಯಾಕೆ ಹೇಳುತ್ತೇನೆ ಎಂದರೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಪ್ರೋಗ್ರಾಂ ಮೊದಲು ನನಗೆ ತಿಳಿಸುತ್ತದೆ, ಆಮೇಲೆ ನಾನು ಎರಡು ಬಸ್ ಬದಲಿಸಿ ಹೋಗುತ್ತೇನೆ, ದಿನಕ್ಕೆ ಸುಮಾರು ಏಳು ಕಪ್ ಚಹಾ ಆಗುತ್ತದೆ, ಆದರೆ ಇದರಲ್ಲಿ ನನ್ನ ಕೈ ಎಲ್ಲಿಯೂ, ಅಂದರೆ ಕಪ್ ಹಿಡಿಯುವುದೊಂದನ್ನು ಬಿಟ್ಟರೆ... ತಡೆಯಿರಿ, ಕೆಳಗಿನಿಂದ ಕಾರ್ಯದರ್ಶಿಗಳು ಕೂಗುತ್ತಿದ್ದಾರೆ, "ತಮ್ಮಾ, ಇವತ್ತು ಹದಿನಾಕನೇ ದಿನಾ, ಜಾಂಬೋಟಿ ಬಸ್ ತಪ್ಪತೈತಿ ನೋಡು!" ಹೋಗಲೇಬೇಕು. ಆ ಕೈಯ ವಿಷಯ ಏನೆಂದರೆ...