ಚಳಿಗಾಲಕ್ಕೆ ಮುಪ್ಪಿಲ್ಲ

ಅಂದು ಬೆಳಿಗ್ಗೆಯೂ ಎಂದಿನಂತೆ ಐದಕ್ಕೆ ಎದ್ದು, ಅಂಗಳಕ್ಕೆ ನೀರು ಹೊಡೆದು, ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿಯಲು ಕುಳಿತೆ. ಕೈ ಜೋಳದ ಹಿಟ್ಟಿನಲ್ಲಿತ್ತು, ಬಾಯಿ ಮಾತ್ರ ಇಂಗ್ಲಿಷ್ ಕಾವ್ಯದಲ್ಲಿತ್ತು. ಕಾನ್ವೆಂಟಿನಲ್ಲಿ ಓದಿದವರ ಹಣೆಬರಹವೇ ಇಷ್ಟು: ಕಂಡಿರದ ಹೂವುಗಳ ಹೆಸರು ಬಾಯಿಪಾಠ, ಹಿತ್ತಲ ಗಿಡದ ಹೆಸರು ಕೇಳಿದರೆ ತಡವರಿಕೆ. ಮದುವೆಯಾಗಿ ಬೆಟಗೇರಿಗೆ ಬಂದ ಮೊದಲ ವಾರ, ಪುಂಡಿಸೊಪ್ಪು ತಾ ಎಂದರೆ ಕೈತುಂಬ ಕಳೆ ಕಿತ್ತು ತಂದವಳು ನಾನು. ಆಡು ತಿಂದು ನನ್ನ ಮಾನ ಉಳಿಸಿತು.

ಕನ್ನಡ ನಾಡು ಒಂದಾದ ಸಂಭ್ರಮದ ದಿನಗಳವು. ನಮ್ಮ ಓಣಿಯ ಮಹಿಳಾ ಮಂಡಳದವರು ಅರಿಷಿಣ-ಕುಂಕುಮದ ಜೊತೆಗೆ ಒಂದು ಭಾಷಣವೂ ಇರಲೆಂದು ನನ್ನನ್ನು ಹಿಡಿದರು. ವಿಷಯ, ಇಂಗ್ಲಿಷ್ ಕವಿಗಳು ಕಂಡ ಮನುಷ್ಯನ ಅವಸ್ಥೆಗಳು. ಮಾತೆಲ್ಲ ಕನ್ನಡದಲ್ಲೇ ಇರಬೇಕು ಎಂಬುದು ಅವರ ಕರಾರು. ಸೊಂಟದ ಮೇಲೆ ಕೈಯಿಟ್ಟು, ಕುತ್ತಿಗೆ ಹೊರಳಿಸಿ ನನ್ನ ಅತ್ತೆಯವರು ಹಾಕಿದ್ದು ಇನ್ನೊಂದು.

“ಮಂದಿ ಮುಂದ ನೆಟ್ಟಗ ಮಾತಾಡಿದ್ರ ವಾರಾವಾರಾ ಮಂಡಳಕ್ಕ ಹೋಗು, ನಂದೇನೂ ಅಡ್ಡಿಲ್ಲ. ನಗಿಗೇಡ ಆತಂದ್ರ ಇದ ಕಡೀದು.”

ಮಂಡಳ ಸೇರುವ ಶುಕ್ರವಾರದ ಆ ಎರಡು ತಾಸು ಎಂದರೆ, ‘ನನ್ನ ಅಂಗಿ ಎಲ್ಲಿ, ಉಪ್ಪಿನ ಡಬ್ಬಿ ಎಲ್ಲಿ’ ಎಂದು ಯಾರೂ ನನ್ನನ್ನು ಕೇಳದ ಎರಡು ತಾಸು. ಅದಕ್ಕಾಗಿ ಹನ್ನೆರಡು ಪುಟ ಬರೆದೆ.

ಅಂದು ಮಧ್ಯಾಹ್ನ ಸಭೆ ತುಂಬಿತ್ತು. ಇಂಗ್ಲಿಷ್ ಕವಿಗಳಿಗೆ ಮನುಷ್ಯನ ಬಾಳೂ ಒಂದು ವರ್ಷವಿದ್ದಂತೆ, ವಸಂತ ಬಾಲ್ಯ, ಬೇಸಿಗೆ ಯೌವನ, ಎಲೆ ಉದುರುವ ಕಾಲ ನಡುವಯಸ್ಸು ಎಂದೆಲ್ಲ ಗ್ರಂಥದ ಕನ್ನಡದಲ್ಲಿ ಓದಿದೆ. ಇಬ್ಬರು ತೂಕಡಿಸಿದರು. “ಚಳಿಗಾಲವೇ ಮುಪ್ಪು. ಆಗ ಹೊಲಗಳು ಬರಿದಾಗಿರುತ್ತವೆ” ಎಂದೆನೋ ಇಲ್ಲವೋ, ಹೊಂಬಳದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬಳು ಎದ್ದೇ ಬಿಟ್ಟಳು.

“ತಡೀ ಯವ್ವಾ! ಚಳಿಗಾಲದಾಗ ಹೊಲ ಖಾಲಿ ಇರತೈತೇನ? ಬಿಳಿಜ್ವಾಳ ಆಳೆತ್ತರ ನಿಂತು ತೆನಿ ಹಿಡಿಯೂದು ಆವಾಗ. ಸೀತನಿ ತಿನ್ನೂ ಕಾಲಕ್ಕ ಮುಪ್ಪು ಅಂದ್ರ ಹೆಂಗ?”

ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಳ್ಳುವ ಆ ಸೀತನಿಯ ಹೆಸರು ಕೇಳಿ ತೂಕಡಿಸುತ್ತಿದ್ದವರೂ ಎಚ್ಚೆತ್ತರು. ಸಭೆಯೆಲ್ಲ ನಗು. ಮುಂದಿನ ಸಾಲಿನಲ್ಲಿದ್ದ ಅತ್ತೆಯವರು ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ನನ್ನ ಶುಕ್ರವಾರಗಳು ಒಂದೊಂದಾಗಿ ಉದುರುವುದು ನನಗೆ ಕಾಣಿಸಿತು. ಕೈಯಲ್ಲಿ ಇನ್ನೂ ಐದು ಪುಟ ಬರೀ ಹಿಮ!

ಹಾಳೆಗಳನ್ನು ಮಡಚಿಟ್ಟೆ. ಆಮೇಲೆ ಬಂದದ್ದು ಬೆಟಗೇರಿಯ ಮಾತು.

“ಖರೆ ಹೇಳಿದ್ರಿ ಅಜ್ಜಿ. ಆ ಕವಿಗಳು ನಮ್ಮ ಎರಿಹೊಲ ನೋಡಿದವರಲ್ಲ. ಅವರ ಮುದುಕ ಚಳಿಗಾಲದಾಗ ಬೆಂಕಿ ಮುಂದ ಯಾಕ ಕುಂಡ್ರತಾನ? ಹೊರಗ ಏನೂ ಉಳಿದಿರೂದಿಲ್ಲ, ಅದಕ್ಕ. ನಮ್ಮ ಅಜ್ಜಿ ಯಾಕ ಕುಂಡ್ರತಾಳ? ತೆನಿ ಸುಡಾಕ! ಸುತ್ತ ಮೊಮ್ಮಕ್ಕಳು ಕೈ ಚಾಚಿರತಾವು. ನಮ್ಮ ಬಾಲ್ಯ ಮುಂಗಾರಿ, ಹರೇ ಹಿಂಗಾರಿ, ಮುಪ್ಪು ಅಂದ್ರ ಸೀತನಿ. ಹಂಗಾದ್ರ ಆ ಸುಡು ಬ್ಯಾಸಗಿ ಯಾರ ಪಾಲಿಗೆ?”

“ಸೊಸ್ತ್ಯಾರ ಪಾಲಿಗೆ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಅತ್ತೆಯವರೇ. ಅಜ್ಜಿ ಬಂದು ನನ್ನ ಕೆನ್ನೆ ನೀವಿ ಲಟಿಕೆ ಮುರಿದಳು. ಮನೆಗೆ ಬರುವ ದಾರಿಯಲ್ಲಿ ಅತ್ತೆಯವರು ಎತ್ತಲೋ ನೋಡುತ್ತ ಕೇಳಿದರು: “ಶುಕ್ರವಾರ ಎಷ್ಟಕ್ಕ ಹೋಗಬೇಕ ನೀ?”

ನಾಡನ್ನು ಒಂದುಗೂಡಿಸಿದವಳೇ ನಾನು ಎಂಬಂತೆ ಸಂಜೆಯೆಲ್ಲ ಮನೆತುಂಬ ಓಡಾಡಿದೆ. ಹಿತ್ತಲಿನ ಗೋಡೆಯಾಚೆ ನೆರೆಮನೆಯ ನೀಲವ್ವ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೊಗಳಿಕೆ ಇನ್ನಷ್ಟು ಸಿಕ್ಕೀತೆಂದು ಅತ್ತ ಹೋಗಿ ನಿಂತೆ.

“ಭಾಷಣ ಭಾಳ ಚೊಲೋ ಆತ್ರಿ ಅಕ್ಕಾರ,” ಎಂದಳು ಬಟ್ಟೆ ಮಡಚುತ್ತ. “ಹಿಂದ ಕುಂತಿದ್ನಿ, ನನಗ ಮಾರಿ ಸರಿಯಾಗಿ ಕಾಣಲಿಲ್ರಿ. ಆ ಅಜ್ಜಿಗೆ ಉತ್ತರ ಕೊಡೂ ಮುಂದ ಸೊಂಟದ ಮ್ಯಾಲ ಕೈ ಇಟ್ಟು ಕುತ್ತಿಗಿ ಹೊಳ್ಳಿಸಿದ್ರಲ್ಲ, ನಿಮ್ಮತ್ತಿಯವರ ಎದ್ದು ನಿಂತಾರ ಅಂತ ತಿಳಕೊಂಡಿದ್ದೆ.”