ಕಂಬಳಿ ಬಿಟ್ಟೇಳದ ಮೊಣಕಾಲು

ಭಾನುವಾರ ಬೆಳಿಗ್ಗೆ ಮಂಚದ ಮೇಲೆ ಕಾಲು ಚಾಚಿ, ಸುತ್ತಿದ ಟವೆಲ್ಲನ್ನು ಮೊಣಕಾಲಿನಿಂದ ಒತ್ತುತ್ತಿದ್ದೆ. ಹತ್ತು ಎಣಿಸಿ ಬಿಡಬೇಕು. ಹರಿದ ಕಾರ್ಟಿಲೇಜಿಗೆ ಆಪರೇಷನ್ ಆಗಿ ಇಪ್ಪತ್ತಾರು ದಿನವಾಗಿತ್ತು. "ಆರು ವಾರ ನೆಲಕ್ಕ ಕುಂದ್ರಂಗಿಲ್ರಿ," ಎಂದು ಫಿಸಿಯೋಥೆರಪಿಯ ತಹಮೀನಾ ಮೇಡಂ ಹೇಳಿದ್ದರು. ನಾಲ್ಕೇ ವಾರದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆಂದು ನಾನು ಮನೆಯಲ್ಲಿ ಸಾರಿದ್ದೆ. ಇವತ್ತೇ ದೇವದುರ್ಗದ ಬೀಗರು ಮಗಳ ಮದುವೆ ಮಾತಿಗೆ ರಾಯಚೂರಿನ ನಮ್ಮ ಮನೆಗೆ ಬರುವವರಿದ್ದರು.

ನಮ್ಮ ಮನೆತನಗಳಲ್ಲಿ ಇಂಥ ಮಾತು ಕರಿಕಂಬಳಿ ಹಾಸಿಯೇ ಆಗಬೇಕು. ಹೆಣ್ಣಿನ ತಂದೆ ಅದರ ಮೇಲೆ ಕೂರುತ್ತಾನೆ. ಅವನು ಎದ್ದರೆ ಒಪ್ಪಿದಂತೆ, ಮಾತು ಮುಗಿಯಿತು. ಏಳದಿದ್ದರೆ ಅವನಿಗೆ ಒಪ್ಪಿಗೆಯಿಲ್ಲ.

"ಕುರ್ಚಿ ಮ್ಯಾಲ ಕುಂದರ್ರಿ, ಯಾರೂ ಏನೂ ಅನ್ನಂಗಿಲ್ಲ," ಎಂದಳು ಹೆಂಡತಿ ಮಲ್ಲೇಶ್ವರಿ.

"ಕಂಬಳಿ ಮ್ಯಾಲ ಕುರ್ಚಿ ಹಾಕ್ತಾರೇನು? ನಾ ಏನು ತಹಶೀಲ್ದಾರನೇನು?"

"ತಹಶೀಲ್ದಾರ ಆಗಿದ್ರ ಎತ್ತಾಕ ಜವಾನರಾದ್ರೂ ಇರ್ತಿದ್ರು."

ಬೀಗರು ಬಂದಾಗ ಕಂಬಳಿ ಮೇಲೇ ಕೂತೆ. ಮೊಣಕಾಲು ಒಮ್ಮೆ ಟಕ್ಕೆಂದಿತು. ಮೀಸೆ ತಿರುವಿದೆ.

ತಕರಾರು ಇದ್ದದ್ದು ಒಂದೇ. ಮಗಳು ದೇವಿಕಾ ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮದುವೆಯ ನಂತರ ನೌಕರಿ ಬಿಡಬೇಕೆಂಬುದು ಹುಡುಗನ ತಂದೆ ಕನಕರಾಯರ ಹಟ. ಬಿಡಿಸುವುದಿಲ್ಲವೆಂದು ಮಗಳಿಗೆ ನಾನು ಮಾತು ಕೊಟ್ಟಿದ್ದೆ. ಆದರೆ ಕಾಲು ಗಂಟೆಯೊಳಗೆ ನೋವು ತೊಡೆಗೇರಿತು. ಬೇಗ ಮುಗಿದರೆ ಸಾಕಿತ್ತು.

"ಆತ್ರಿ, ನೀವು ಹೇಳಿದಂಗ ಆಗ್ಲಿ," ಎಂದುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ದೇವಿಕಾ ಒಳಗೆ ಹೋದಳು.

ಎಲ್ಲರೂ ಎದ್ದರು. ನಾನು ಏಳಲಿಲ್ಲ. ಏಳಲಾಗಲಿಲ್ಲ! ಕಾಲು ಮಡಚಿದಲ್ಲೇ ಸಿಕ್ಕಿಕೊಂಡಿತ್ತು. ಹಲ್ಲು ಕಚ್ಚಿ, ಎದುರಿನ ಗೋಡೆ ನೋಡುತ್ತ ಕೂತೆ.

ಕನಕರಾಯರು ಮೆಲ್ಲಗೆ ಮತ್ತೆ ಕೂತರು. "ಯಾಕ್ರಿ ಬೀಗರ, ಸಿಟ್ಟೇನ್ರಿ?"

ಬಾಯಿ ತೆರೆದರೆ ಚೀರುತ್ತಿದ್ದೆ. ತೆರೆಯಲಿಲ್ಲ.

"ಹೋಗ್ಲಿ, ಒಂದ್ ವರ್ಷ ನೌಕರಿ ಮಾಡ್ಲಿ ಬಿಡ್ರಿ."

ಹಣೆಯಿಂದ ಬೆವರಿಳಿಯಿತು. ಹಿಂದೆಯೇ ಕಣ್ಣಿಂದ ನೀರು.

"ಅಯ್ಯ, ಕಣ್ಣೀರು ಬ್ಯಾಡ್ರಿ! ರಿಟೈರ್ ಆಗೂತನಕ ಮಾಡ್ಲಿ. ಈಗರ ಏಳ್ರಿ!"

ಮಲ್ಲೇಶ್ವರಿ ಒಂದು ಕಡೆ, ದೇವಿಕಾ ಒಂದು ಕಡೆ ಹಿಡಿದು ಎತ್ತಿದರು. ಹೆಣ್ಣಿನ ತಂದೆಯ ದುಃಖವೆಂದು ಬೀಗರು ಗೌರವದಿಂದ ತಲೆ ತಗ್ಗಿಸಿದರು.

ಅವರು ಹೋದ ಮೇಲೆ ದಿಂಬಿಗೊರಗಿ ಮಗಳಿಗೆ ಹೇಳಿದೆ: "ಹೆಂಗ ಗೆದ್ದೆ ನೋಡಿದಿ?"

ದೇವಿಕಾ ಮೊಣಕಾಲ ಮೇಲೆ ಐಸ್ ಇಟ್ಟಳು. "ಯಪ್ಪಾ, ನೀ ಒಪ್ಪಿಬಿಟ್ಟಿದ್ದಿ. ಒಪ್ಪದೇ ಇದ್ದದ್ದು ಇದು."

ನಾಳೆ ಹತ್ತಕ್ಕೆ ಮಲ್ಲೇಶ್ವರಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ದೇವಿಕಾ ಬರುವುದಿಲ್ಲ. ಅವಳಿಗೆ ಏಳೂವರೆಗೆ ಮಾನ್ವಿ ಬಸ್ಸಿದೆ.