ಎಂಬತ್ತೆಂಟನೇ ಪುಟ

ತೀರ್ಥೇಶನ ಸಂಕಟಕ್ಕೆಲ್ಲ ಮೂಲ ಅವನ ಸೋಮಾರಿತನ. ಶಿಕಾರಿಪುರದ ಹಳೇ ಅಕ್ಕಿ ಗಿರಣಿಯ ಅಟ್ಟದಲ್ಲಿ ಸದಾಶಿವಪ್ಪನವರು ಹಾಲಿನ ಸೊಸೈಟಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿಸುತ್ತಿದ್ದರು. ಅದರ ಕೈಪಿಡಿ ಬರೆದವರು ವನಜಮ್ಮ. ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಹೇಳುವ ಪದಸೂಚಿಯನ್ನು ಕೈಪಿಡಿಯ ಕೊನೆಗೆ ಸೇರಿಸಲಿಕ್ಕೆಂದೇ ಹೊಸಬಾಳೆಯ ತೀರ್ಥೇಶನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಪುಟ ತಿರುವಿ ತಿರುವಿ ಬೇಸತ್ತ ಈ ಮಹಾಶಯ, ಪದಗಳನ್ನೂ ಹೆಸರುಗಳನ್ನೂ ತಾನೇ ಹೆಕ್ಕಿ ಅಕಾರಾದಿಯಲ್ಲಿ ಜೋಡಿಸುವ ಪ್ರೋಗ್ರಾಮ್ ಬರೆದುಬಿಟ್ಟ.

ಮೊನ್ನೆ ಅದನ್ನು ತೋರಿಸಿದಾಗ ಸದಾಶಿವಪ್ಪ ಬೆನ್ನು ತಟ್ಟಿ, "ಭಲೇ ತಮ್ಮಾ! ಶುಕ್ರವಾರ ಸಂಜಿಗೆ ನಿಂದೊಂದು ತೀರ್ಮಾನ ಮಾಡಾಣ" ಎಂದಿದ್ದರು. ಕೆಲಸ ಕಾಯಂ ಆಯಿತೆಂದೇ ತೀರ್ಥೇಶ ಹಿಗ್ಗಿದ. ಕಾಯಂ ಆಗದ ಹುಡುಗನಿಗೆ ಮಗಳನ್ನು ಕೊಡುವುದಿಲ್ಲ ಎಂದು ಸೊರಬದಲ್ಲಿ ಅವನು ಮೆಚ್ಚಿದ ದಿವ್ಯಳ ಅಪ್ಪ ಪಟ್ಟು ಹಿಡಿದು ಕೂತಿದ್ದ.

ಶುಕ್ರವಾರ ಮಧ್ಯಾಹ್ನವೇ ಮೋಡ ಮುಚ್ಚಿ ಅಟ್ಟವೆಲ್ಲ ಮಬ್ಬಾಯಿತು. ಸಿದ್ಧವಾದ ಪದಸೂಚಿಯಲ್ಲಿ ತಪ್ಪು ಹಿಡಿಯಲು ತೀರ್ಥೇಶ ಅದನ್ನು ಕಂಪ್ಯೂಟರಿನಿಂದಲೇ ಗಟ್ಟಿಯಾಗಿ ಓದಿಸತೊಡಗಿದ. ಏರಿಳಿತವಿಲ್ಲದ ಹೆಣ್ಣುದನಿ ಶುರುವಾಯಿತು.

"ಉಚ್ಚಂಗಪ್ಪ, ಅಂಜನಾಪುರ. ಪುಟ ಹನ್ನೆರಡು."

ಪಕ್ಕದ ಮೇಜಿನ ಲೋಕೇಶ ತಲೆ ಎತ್ತಿದ. "ನಮ್ಮ ದೊಡ್ಡಪ್ಪಲೇ ಅದು! ಸತ್ತು ವರ್ಷಾತು."

"ಗಿರಿಯಮ್ಮ, ಗುಡವಿ. ಪುಟ ನಲವತ್ತು."

ಬಿಲ್ ಬರೆಯುತ್ತಿದ್ದ ನಯನಳ ಕೈ ನಿಂತಿತು. "ನಮ್ಮ ಸೋದರತ್ತೆ ಕಣ್ರೀ. ಹೋದ ದೀಪಾವಳೀಲಿ ಹೋದ್ರು."

"ತಿಮ್ಮಪ್ಪ, ಹೊಸಬಾಳೆ. ಪುಟ ಅರವತ್ತೊಂದು."

ತಿಮ್ಮಪ್ಪ ತೀರ್ಥೇಶನ ಅಜ್ಜ. ಅವರ ಚಿತೆಗೆ ಕೊಳ್ಳಿ ಇಟ್ಟಾಗ ತೀರ್ಥೇಶ ಪಕ್ಕದಲ್ಲೇ ನಿಂತಿದ್ದ. ಓದನ್ನು ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಆ ದನಿ ಮುಂದಿನ ಹೆಸರಿಗೆ ಹೋಗಿತ್ತು.

"ತೀರ್ಥೇಶ, ಹೊಸಬಾಳೆ. ಪುಟ ಎಂಬತ್ತೆಂಟು."

ಹೊಸಬಾಳೆಯಲ್ಲಿ ಆ ಹೆಸರಿನವನು ಅವನೊಬ್ಬನೇ. ತೀರ್ಥೇಶ ಓದನ್ನು ನಿಲ್ಲಿಸಿ, ಆ ಸಾಲನ್ನು ಅಳಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿದ. ಹೆಸರು ಅಜ್ಜನ ಕೆಳಗೇ ಬಂದು ಕೂತಿತು. ಎಂಬತ್ತೆಂಟನೇ ಪುಟ ತೆರೆದ. 'ಖಾತೆ ಮುಚ್ಚುವ ವಿಧಾನ. ಉದಾಹರಣೆ: ತೀರ್ಥೇಶ, ಹೊಸಬಾಳೆ. ಇಂದಿನ ದಿನಾಂಕ ಒತ್ತಿ. ಮುಚ್ಚಿದ ಖಾತೆಯನ್ನು ಮತ್ತೆ ತೆರೆಯಲಾಗದು.'

"ಇವತ್ತೇ ಅಂತಲ್ಲೋ!" ಎಂದ ಲೋಕೇಶ. ವನಜಮ್ಮನನ್ನು ಕೇಳೋಣವೆಂದರೆ ಅವರು ಸದಾಶಿವಪ್ಪನ ಜೊತೆ ಸೊರಬದ ಪ್ರೆಸ್ಸಿಗೆ ಹೋಗಿದ್ದರು; ಫೋನು ಸ್ವಿಚ್ ಆಫ್.

ಆಮೇಲೆ ತೀರ್ಥೇಶನನ್ನು ಬದುಕಿಸುವ ಉಸಾಬರಿಯನ್ನು ಗೆಳೆಯರೇ ವಹಿಸಿಕೊಂಡರು. ಲೋಕೇಶ ಬೈಕಿನ ಕೀಲಿ ಕಿತ್ತುಕೊಂಡ. ಬಿದ್ದೀತೆಂದು ಫ್ಯಾನಿನ ಕೆಳಗಿಂದ ಎಬ್ಬಿಸಿದ. "ಮೆಣಸಿನಕಾಯಿ ಬಜ್ಜಿ ಗಂಟ್ಲಾಗೆ ಸಿಕ್ಕಂಡ್ರೆ ಕಷ್ಟ" ಎಂದು ತಟ್ಟೆ ಎಳೆದು ತಾನೇ ತಿಂದು ಮುಗಿಸಿದ. ನಯನ ಹೊಸಬಾಳೆಗೆ ಫೋನ್ ಹಚ್ಚಿ ಅವನ ತಾಯಿ ಬಂಗಾರಮ್ಮನಿಗೆ ಎಲ್ಲ ವರದಿ ಮಾಡಿ, ಫೋನನ್ನು ತೀರ್ಥೇಶನ ಕೈಗಿಟ್ಟಳು.

"ಮಗಾ, ಹುಚ್ಚರಾಯಸ್ವಾಮಿಗೆ ಹರಕೆ ಕಟ್ಕಳಾ!" ಎಂದು ಬಂಗಾರಮ್ಮ ಅತ್ತಳು. "ಆ ಹಾಳು ಕೆಲಸ ಹೋದ್ರೆ ಹೋಗ್ಲಿ ಮಾರಾಯ, ನೀ ಉಳಿದ್ರೆ ಸಾಕು ನಂಗೆ."

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಕೆಳಗಿನ ಗಿರಣಿಯ ಬಾಗಿಲು ತಾನಾಗಿ ಕಿರ್ರೆಂದಿತು. ತೀರ್ಥೇಶನಿಗೆ ನಿಜವಾಗಿಯೂ ಸಾವಿನ ಭಯ ಹತ್ತಿತು. ದಿವ್ಯಳೂ ನೆನಪಾಗಲಿಲ್ಲ. ಕೈ ಮುಗಿದು, "ಅಪ್ಪಾ ಹುಚ್ಚರಾಯ, ಕೆಲಸ ಬೇಕಾದ್ರೆ ತಗಾ, ಜೀವ ಒಂದು ಬಿಡು" ಎಂದು ಬೇಡಿಕೊಂಡ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಲೋಕೇಶ ಮೇಜಿನಡಿ ತೂರಿದ. ಟಾರ್ಚ್ ಹಿಡಿದು ಬಂದವರು ಸದಾಶಿವಪ್ಪ ಮತ್ತು ವನಜಮ್ಮ.

ಸಂಗತಿ ಕೇಳಿ ವನಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಒಂದ್ಸಲ ಉದಾಹರಣೆಗೆ ಅಂತ ಬದುಕಿರೋರ ಹೆಸರು ಹಾಕಿದ್ದೆ ಕಣೋ. 'ನನ್ನ ಖಾತೆ ಯಾಕ್ರೀ ಮುಚ್ಚಿದ್ರಿ' ಅಂತ ದೊಣ್ಣೆ ತಗಂಡು ಬಂದಿದ್ದ ಒಬ್ಬ. ಆವತ್ತಿಂದ ತೀರ್ಕಂಡೋರ ಹೆಸರೇ ಹಾಕ್ತೀನಿ. ಅವ್ರು ಜಗಳಕ್ಕೆ ಬರಲ್ಲ."

"ಹಂಗಾರೆ ನಾನು?"

"ಸತ್ತೋರ ಹೆಸರು ಸಾಲದಿದ್ರೆ ನಮ್ಮಲ್ಲಿ ಕೆಲಸ ಬಿಟ್ಟೋರ ಹೆಸರು ಹಾಕ್ತೀನಪ್ಪ."

ತೀರ್ಥೇಶನಿಗೆ ಹೋದ ಜೀವ ಬಂತು. ಸಾಯುವುದಿಲ್ಲ! ವನಜಮ್ಮನ ಕಾಲಿಗೆ ಬಿದ್ದ. ಏಳುವಾಗ ಮಾತ್ರ ಏನೋ ಹೊಳೆದು ಅರ್ಧಕ್ಕೇ ನಿಂತ. "ನಾನು ಕೆಲಸ ಬಿಟ್ಟಿಲ್ವಲ್ರೀ?"

ವನಜಮ್ಮ ಸದಾಶಿವಪ್ಪನ ಮುಖ ನೋಡಿದರು. "ಇನ್ನೂ ಹೇಳೇ ಇಲ್ವಾ ನೀವು?"

ಸದಾಶಿವಪ್ಪ ಕೆಮ್ಮಿದರು. "ಪದಸೂಚಿ ಮಾಡಾಕೆ ಅಂತ ನಿನ್ನ ತಗಂಡಿದ್ವಿ ತಮ್ಮಾ. ಈಗ ಅದು ತಾನೇ ಮಾಡ್ಕಂತತಿ ಅಂತ ನೀನೇ ತೋರ್ಸಿದಿ. ಮತ್ತೆ ನೀ ಏನ್ ಮಾಡ್ತಿ?"

ತೀರ್ಥೇಶನ ಜೇಬಿನಲ್ಲಿ ಫೋನ್ ರಿಂಗಾಯಿತು. ಬಂಗಾರಮ್ಮ.

"ಹರಕೆ ಕಟ್ಕಂಡ್ಯಾ ಮಗಾ?"

"ಕಟ್ಕಂಡೆ ಅವ್ವಾ."

"ಸ್ವಾಮಿ ಕೇಳಿಸ್ಕಂಡ್ನಾ?"

ಕರೆಂಟು ಬಂತು. ಕಂಪ್ಯೂಟರು ಕಣ್ಣು ಬಿಟ್ಟು, ಯಾರೂ ಮುಟ್ಟದಿದ್ದರೂ, ನಿಲ್ಲಿಸಿದ್ದಲ್ಲಿಂದ ಓದತೊಡಗಿತು.

"ತೀರ್ಥೇಶ, ಹೊಸಬಾಳೆ. ಪುಟ ಎಂಬತ್ತೆಂಟು."

"ಪೂರ್ತಿ ಕೇಳಿಸ್ಕಂಡಾನೆ ಅವ್ವಾ," ಎಂದ ತೀರ್ಥೇಶ.